ಹೊಸ ಆಟೋಮ್ಯಾಟಿಕ್ ಕಾರು ಜರ್ಕ್ ಹೊಡೆಯುವುದೇಕೆ? ಹಡಗು ಕಟ್ಟುತ್ತಿದ್ದ ಹರ್ಮನ್ ಫೋಟಿಂಗರ್ ಅವರ ಕಥೆ

ಕಾರಿಗೆ ಪೂಜೆ ಮುಗಿದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಇನ್ನೂ ಒಂದು ವಾರವೂ ಆಗಿರುವುದಿಲ್ಲ. ಸಿಗ್ನಲ್ ಬಿಟ್ಟು ವೇಗ ಹಿಡಿಯುವಾಗ ಯಾರೋ ಹಿಂದಿನಿಂದ ತಳ್ಳಿದಂತೆ ಒಂದು ಜರ್ಕ್. ಬೆಳಗ್ಗೆ ಎಂಜಿನ್ ಇನ್ನೂ ತಣ್ಣಗಿರುವಾಗ ಲಿವರನ್ನು ಡಿಗೆ ಎಳೆದರೆ ಕೆಳಗಿನಿಂದ ಟಕ್ ಎಂಬ ಸದ್ದು. ಅಲ್ಲಿಂದ ಸಲಹೆಗಳ ಮಳೆ ಶುರು. ಗೇರ್‌ಬಾಕ್ಸ್ ಕೆಟ್ಟಿದೆ ಎನ್ನುವವರು ಒಬ್ಬರಾದರೆ, ಸಾವಿರ ಕಿಲೋಮೀಟರ್ ಓಡಿಸಿ ತಾನಾಗಿಯೇ ಸರಿಹೋಗುತ್ತದೆ ಎನ್ನುವವರು ಇನ್ನೊಬ್ಬರು. ಆಟೋಮ್ಯಾಟಿಕ್ ಎಂದರೆ ಹಾಗೆಯೇ, ಸುಮ್ಮನಿರಿ ಎಂದು ತೇಲಿಸಿಬಿಡುವವರೂ ಇದ್ದಾರೆ.

ಈ ಮೂರೂ ಮಾತಿನಲ್ಲಿ ಸ್ವಲ್ಪ ಸ್ವಲ್ಪ ನಿಜವಿದೆ. ಯಾವುದು ಯಾವಾಗ ನಿಜ ಎಂದು ತಿಳಿಯಲು ನಾವು 1905ರ ಜರ್ಮನಿಗೆ ಹೋಗಿಬರೋಣ. ಆಟೋಮ್ಯಾಟಿಕ್ ಕಾರಿನ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಎಣ್ಣೆ ತುಂಬಿದ ಒಂದು ದುಂಡನೆಯ ಡಬ್ಬಿ ಇರುತ್ತದೆ. ಅದರ ಹೆಸರು ಟಾರ್ಕ್ ಕನ್ವರ್ಟರ್. ಅದರ ಮೂಲ ಹೊಳೆದದ್ದು ಹಡಗು ಕಟ್ಟುವ ಒಬ್ಬ ಎಂಜಿನಿಯರ್‌ಗೆ, ಅದೂ ಹಡಗಿಗಾಗಿ.

ಹರ್ಮನ್ ಫೋಟಿಂಗರ್ ಹುಟ್ಟಿದ್ದು 1877ರ ಫೆಬ್ರವರಿ 9ರಂದು, ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಮ್ಯೂನಿಕ್‌ನ ತಾಂತ್ರಿಕ ಕಾಲೇಜಿನಲ್ಲಿ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. 1899ರಲ್ಲಿ ಓದು ಮುಗಿಸಿ ಸೇರಿದ್ದು ಮಾತ್ರ ಸ್ಟೆಟಿನ್ ಪಟ್ಟಣದ ವುಲ್ಕನ್ ಹಡಗುಕಟ್ಟೆಗೆ (ಸ್ಟೆಟಿನ್ ಇಂದು ಪೋಲೆಂಡ್‌ನಲ್ಲಿದೆ). ಅಟ್ಲಾಂಟಿಕ್ ದಾಟುವ ದೊಡ್ಡ ಪ್ರಯಾಣಿಕ ಹಡಗುಗಳನ್ನು ಕಟ್ಟಿ ಹೆಸರು ಮಾಡಿದ್ದ ಕಂಪನಿ ಅದು.

ಅಲ್ಲಿ ಅವರು ಮೊದಲು ಕೈಹಾಕಿದ್ದು ಅಳತೆಯ ಕೆಲಸಕ್ಕೆ. ಹಡಗಿನ ಎಂಜಿನ್ ನಿಜವಾಗಿ ಎಷ್ಟು ಶಕ್ತಿಯನ್ನು ಪ್ರೊಪೆಲ್ಲರ್‌ಗೆ ತಲುಪಿಸುತ್ತಿದೆ ಎಂದು ಕಂಡುಹಿಡಿಯುವುದು ಆಗ ಸುಲಭವಾಗಿರಲಿಲ್ಲ. ಒದ್ದೆ ಬಟ್ಟೆ ಹಿಂಡುವಾಗ ಅದು ತಿರುಚಿಕೊಳ್ಳುವಂತೆ, ಉಕ್ಕಿನ ದಪ್ಪ ಶಾಫ್ಟ್ ಕೂಡ ಹೊರೆ ಬಿದ್ದಾಗ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಆ ತಿರುಚುವಿಕೆಯನ್ನು ಓಡುತ್ತಿರುವ ಹಡಗಿನಲ್ಲೇ ಅಳೆಯುವ ಸಾಧನವನ್ನು ಫೋಟಿಂಗರ್ ರೂಪಿಸಿದರು. ಅವರ ಡಾಕ್ಟರೇಟ್ ಪ್ರಬಂಧವೂ ಇದೇ ವಿಷಯದ ಮೇಲೆ. ಹೀಗೆ ಶಾಫ್ಟನ್ನು ತಿರುಚುವ ಬಲವೇ ಟಾರ್ಕ್. ಕಾರಿನಲ್ಲಿ ಕುಳಿತ ನಮಗೆ ಜರ್ಕ್ ಎಂದು ಅನ್ನಿಸುವುದು ಏನು ಗೊತ್ತೇ? ಚಕ್ರಕ್ಕೆ ಹೋಗುವ ಟಾರ್ಕ್ ಕ್ಷಣಾರ್ಧದಲ್ಲಿ ಏರುವುದು ಅಥವಾ ಇಳಿಯುವುದು, ಅಷ್ಟೇ.

ಅಷ್ಟರಲ್ಲಿ ಹಡಗು ಲೋಕದಲ್ಲಿ ದೊಡ್ಡ ಬದಲಾವಣೆಯೊಂದು ಬಂದಿತ್ತು. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1897ರಲ್ಲಿ ಉಗಿ ಟರ್ಬೈನ್‌ನಿಂದ ಓಡುವ ಟರ್ಬಿನಿಯಾ ಎಂಬ ಸಣ್ಣ ಹಡಗನ್ನು ನೌಕಾಪಡೆಯ ಕಣ್ಣೆದುರೇ ಓಡಿಸಿ ಎಲ್ಲರನ್ನೂ ಬೆರಗುಗೊಳಿಸಿದ್ದರು. ಎಲ್ಲ ಹಡಗುಕಟ್ಟೆಗಳಿಗೂ ಟರ್ಬೈನ್ ಬೇಕಾಯಿತು. ಆದರೆ ಟರ್ಬೈನ್‌ಗೆ ಎರಡು ತೊಂದರೆಗಳಿದ್ದವು. ಅದು ಬಹಳ ವೇಗವಾಗಿ ತಿರುಗಿದರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ, ಪ್ರೊಪೆಲ್ಲರ್‌ಗೆ ನಿಧಾನ ಬೇಕು. ಜೊತೆಗೆ ಟರ್ಬೈನ್ ಒಂದೇ ದಿಕ್ಕಿಗೆ ತಿರುಗುತ್ತದೆ, ಹಡಗು ಹಿಂದಕ್ಕೂ ಹೋಗಬೇಕು. ಅಷ್ಟು ದೊಡ್ಡ ಶಕ್ತಿಯನ್ನು ತಾಳಿಕೊಳ್ಳುವ ಹಲ್ಲಿನ ಗೇರುಗಳನ್ನು ನಂಬಿಕೆಯಿಂದ ತಯಾರಿಸುವುದು ಆ ಕಾಲಕ್ಕೆ ಆಗುತ್ತಿರಲಿಲ್ಲ.

ಎಲೆಕ್ಟ್ರಿಕಲ್ ಓದಿದ್ದ ಫೋಟಿಂಗರ್ ಮೊದಲು ಯೋಚಿಸಿದ್ದು ವಿದ್ಯುತ್ತಿನ ದಾರಿಯನ್ನೇ. ಟರ್ಬೈನ್‌ನಿಂದ ಜನರೇಟರ್ ತಿರುಗಿಸಿ, ಅದರ ವಿದ್ಯುತ್ತಿನಿಂದ ಮೋಟರ್ ಓಡಿಸುವುದು. ಆದರೆ ತೂಕ ವಿಪರೀತವಾಯಿತು. ಮುಂದಿನ ಯೋಚನೆ ನೀರು. ಟರ್ಬೈನ್ ಒಂದು ಪಂಪನ್ನು ತಿರುಗಿಸಲಿ, ಪಂಪಿನ ನೀರು ಕೊಳವೆಯಲ್ಲಿ ಹರಿದು ಜಲ ಟರ್ಬೈನನ್ನು ತಿರುಗಿಸಲಿ, ಅದಕ್ಕೆ ಪ್ರೊಪೆಲ್ಲರ್ ಕಟ್ಟಿರಲಿ. ಇಲ್ಲಿ ತೊಡಕಾಗಿದ್ದು ಶಕ್ತಿಯ ನಷ್ಟ. ಉದಾಹರಣೆಗೆ ಪಂಪ್ ನೂರಕ್ಕೆ 85 ಪಾಲು, ಟರ್ಬೈನ್ ನೂರಕ್ಕೆ 85 ಪಾಲು ಉಳಿಸಿಕೊಂಡರೂ ಕೊನೆಗೆ ಸಿಗುವುದು ಸುಮಾರು 72 ಪಾಲು. ಕೊಳವೆಗಳ ನಷ್ಟ ಬೇರೆ.

ಇಲ್ಲಿ ಅವರು ಮಾಡಿದ್ದು ಹೊಸದನ್ನು ಸೇರಿಸುವ ಕೆಲಸವಲ್ಲ, ಇದ್ದದ್ದನ್ನು ತೆಗೆದುಹಾಕುವ ಕೆಲಸ. ಕೊಳವೆ ತೆಗೆದರು. ಪಂಪಿನ ಹೊರ ಕವಚವನ್ನೂ ತೆಗೆದರು. ಪಂಪಿನ ರೆಕ್ಕೆಚಕ್ರ ಮತ್ತು ಟರ್ಬೈನಿನ ರೆಕ್ಕೆಚಕ್ರ ಎರಡನ್ನೂ ಒಂದೇ ಪೆಟ್ಟಿಗೆಯೊಳಗೆ ಎದುರುಬದುರಾಗಿ ಕೂರಿಸಿ, ಒಂದರಿಂದ ಹೊರಟ ನೀರು ನೇರವಾಗಿ ಇನ್ನೊಂದಕ್ಕೆ ನುಗ್ಗುವಂತೆ ಮಾಡಿದರು. ಮನೆಯಲ್ಲಿ ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಹಾಕಿದರೆ ಇನ್ನೊಂದೂ ತಿರುಗುವುದನ್ನು ನೋಡಿರುತ್ತೀರಿ. ಹೆಚ್ಚುಕಡಿಮೆ ಅದೇ ತತ್ವ. ನಡುವೆ ತಿರುಗದೆ ನಿಂತಿರುವ ಮೂರನೇ ರೆಕ್ಕೆಗಳ ಸಾಲೊಂದನ್ನು ಇಟ್ಟರೆ ಅದು ನೀರಿನ ದಿಕ್ಕು ತಿರುಗಿಸಿ ಟಾರ್ಕನ್ನು ಹೆಚ್ಚಿಸುತ್ತದೆ. ಅದು ಟಾರ್ಕ್ ಕನ್ವರ್ಟರ್. ಮೂರನೇ ಸಾಲು ಇಲ್ಲದಿದ್ದರೆ ಟಾರ್ಕ್ ಹೆಚ್ಚುವುದಿಲ್ಲ, ಹಾಗೆಯೇ ದಾಟಿಹೋಗುತ್ತದೆ. ಅದು ಫ್ಲೂಯಿಡ್ ಕಪ್ಲಿಂಗ್. ಎರಡಕ್ಕೂ ಮೂಲವಾದ ಪೇಟೆಂಟ್ 1905ರ ಜೂನ್ 24ರದು. ಆಗ ಅವರಿಗೆ 28 ವರ್ಷ.

ಎರಡು ಚಕ್ರಗಳ ನಡುವೆ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಎಂಜಿನ್ ಕಡೆಯ ಗುದ್ದು ಆ ಕಡೆ ತಲುಪುವಷ್ಟರಲ್ಲಿ ದ್ರವ ಅದನ್ನು ಬಹುಪಾಲು ನುಂಗಿರುತ್ತದೆ.

ವುಲ್ಕನ್ ಕಂಪನಿ ಮೊದಲು ಪರೀಕ್ಷೆಗೆಂದೇ ಒಂದು ಸಣ್ಣ ಹಡಗು ಕಟ್ಟಿತು. ನಂತರ 1913ರಲ್ಲಿ ಹ್ಯಾಂಬರ್ಗ್‌ನಿಂದ ಹೆಲಿಗೋಲ್ಯಾಂಡ್ ದ್ವೀಪಕ್ಕೆ ಪ್ರವಾಸಿಗರನ್ನು ಒಯ್ಯುವ ಕೋನಿಗಿನ್ ಲೂಯಿಸೆ ಹಡಗಿಗೆ ಫೋಟಿಂಗರ್ ಯಂತ್ರ ಕೂರಿಸಿತು. ಹಿಂದಕ್ಕೆ ಹೋಗಬೇಕಾದರೆ ಒಂದು ಪೆಟ್ಟಿಗೆಯ ನೀರು ಖಾಲಿ ಮಾಡಿ ಇನ್ನೊಂದನ್ನು ತುಂಬಿದರೆ ಸಾಕು. ನಷ್ಟವಾದ ಶಕ್ತಿಯಿಂದ ಬಿಸಿಯಾದ ನೀರನ್ನು ಬಾಯ್ಲರ್‌ಗೆ ಕಳಿಸಿ ಒಂದಷ್ಟು ಉಳಿತಾಯವನ್ನೂ ಮಾಡುತ್ತಿದ್ದರು. ಆದರೆ ಮರುವರ್ಷವೇ ಮಹಾಯುದ್ಧ. ಪ್ರವಾಸಿ ಹಡಗಿಗೆ ಸಮುದ್ರದಲ್ಲಿ ಸ್ಫೋಟಕ ಮೈನ್ ಹಾಕುವ ಕೆಲಸ ಬಿತ್ತು. 1914ರ ಆಗಸ್ಟ್ 5ರಂದು ಬ್ರಿಟಿಷ್ ನೌಕೆಗಳು ಅದನ್ನು ಮುಳುಗಿಸಿದವು. ಮುಳುಗಿಸಿದವುಗಳಲ್ಲಿ ಒಂದಾದ ಆಂಫಿಯಾನ್ ಮಾರನೇ ದಿನ ಅದೇ ಹಡಗು ಹಾಕಿದ್ದ ಮೈನ್‌ಗೆ ತಗುಲಿ ಮುಳುಗಿತು.

ಫೋಟಿಂಗರ್ ಅಷ್ಟರಲ್ಲಿ ಹಡಗುಕಟ್ಟೆ ಬಿಟ್ಟಾಗಿತ್ತು. 1909ರಿಂದ ಡಾಂಜಿಗ್‌ನಲ್ಲಿ ಪ್ರಾಧ್ಯಾಪಕ, 1924ರಿಂದ ಬರ್ಲಿನ್‌ನಲ್ಲಿ. ಪ್ರೊಪೆಲ್ಲರ್ ಸುತ್ತಲಿನ ಸುಳಿಗಳ ಬಗ್ಗೆ, ನೀರಿನಲ್ಲಿ ಗುಳ್ಳೆಗಳೆದ್ದು ಲೋಹವನ್ನೇ ತಿನ್ನುವ ಕ್ಯಾವಿಟೇಶನ್ ಬಗ್ಗೆ ಸಂಶೋಧನೆ ಮಾಡಿದರು. ಅವರ ಹಡಗಿನ ಯಂತ್ರ ಮಾತ್ರ ಸೋತಿತು. ಗೇರು ಕಡೆಯುವ ಯಂತ್ರಗಳು ಸುಧಾರಿಸಿ, ಹಲ್ಲಿನ ಗೇರುಗಳು ಶಕ್ತಿಯನ್ನು ಬಹುತೇಕ ಪೂರ್ತಿಯಾಗಿ ದಾಟಿಸತೊಡಗಿದ ಮೇಲೆ, ಅಷ್ಟು ನಷ್ಟ ಮಾಡುವ ನೀರಿನ ಪೆಟ್ಟಿಗೆ ಯಾರಿಗೆ ಬೇಕು? ಉಳಿದದ್ದು ಅದರ ಸರಳ ರೂಪವಾದ ಕಪ್ಲಿಂಗ್. ಡೀಸೆಲ್ ಎಂಜಿನ್‌ಗಳ ಹೊಡೆತದಿಂದ ಗೇರಿನ ಹಲ್ಲುಗಳನ್ನು ಕಾಪಾಡಲು ವುಲ್ಕನ್‌ನ ಗುಸ್ತಾವ್ ಬಾವರ್ ಅದನ್ನು ಬಳಸಿದರು.

ಅಲ್ಲಿಂದ ಅದು ರಸ್ತೆಗೆ ಬಂದದ್ದು ಒಂದು ಜರ್ಕ್‌ನಿಂದಾಗಿ! 1920ರ ದಶಕದಲ್ಲಿ ಹೆರಾಲ್ಡ್ ಸಿಂಕ್ಲೇರ್ ಎಂಬ ಬ್ರಿಟಿಷ್ ಎಂಜಿನಿಯರ್‌ಗೆ ಲಂಡನ್ ಬಸ್ಸುಗಳ ಎಳೆದಾಟ ಸಾಕಾಗಿಹೋಗಿತ್ತು. ಹಡಗಿನ ಕಪ್ಲಿಂಗನ್ನು ಬಸ್ಸಿಗೆ ಒಗ್ಗಿಸಲು ಅವರು ವುಲ್ಕನ್‌ನವರ ಜೊತೆ ಸೇರಿ ಕೆಲಸ ಮಾಡಿದರು. 1930ರ ಹೊತ್ತಿಗೆ ಡೈಮ್ಲರ್ ಕಂಪನಿಯ ಬ್ರಿಟಿಷ್ ಕಾರುಗಳಿಗೆ ಅದು ಬಂತು. ಅಮೆರಿಕದಲ್ಲಿ ಜನರಲ್ ಮೋಟರ್ಸ್‌ನ ಅರ್ಲ್ ಥಾಮ್ಸನ್ ಮತ್ತು ಸಂಗಡಿಗರು ಇದೇ ಕಪ್ಲಿಂಗ್‌ನ ಹಿಂದೆ ತಾನಾಗಿಯೇ ಬದಲಾಗುವ ನಾಲ್ಕು ಗೇರುಗಳನ್ನು ಕಟ್ಟಿ, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಮಾರಾಟಕ್ಕಿಟ್ಟರು. ಅದರ ಹೆಸರು ಹೈಡ್ರಾಮ್ಯಾಟಿಕ್.

ಆ ಹೈಡ್ರಾಮ್ಯಾಟಿಕ್ ಹೊಸದಾಗಿದ್ದಾಗಲೇ ಜರ್ಕ್ ಹೊಡೆಯುತ್ತಿತ್ತು. ಕಾರಣ ಕೆಟ್ಟ ತಯಾರಿಕೆಯಲ್ಲ. ಒಳಗೆ ಎರಡು ಗೇರ್ ಜೋಡಣೆಗಳಿದ್ದವು. ಮೊದಲನೇ ಗೇರಿನಲ್ಲಿ ಎರಡೂ ವೇಗ ತಗ್ಗಿಸುತ್ತವೆ, ನಾಲ್ಕನೆಯದರಲ್ಲಿ ಎರಡೂ ನೇರವಾಗಿ ದಾಟಿಸುತ್ತವೆ. ಎರಡರಿಂದ ಮೂರಕ್ಕೆ ಹೋಗುವಾಗ ಮಾತ್ರ ಒಂದು ತಗ್ಗಿಸಲು ಶುರುಮಾಡಬೇಕು, ಅದೇ ಕ್ಷಣದಲ್ಲಿ ಇನ್ನೊಂದು ತಗ್ಗಿಸುವುದನ್ನು ಬಿಡಬೇಕು. ಒಂದು ಕೈ ಬಿಡುವುದು ತಡವಾದರೆ ಗುದ್ದು, ಇನ್ನೊಂದು ಕೈ ಹಿಡಿಯುವುದು ತಡವಾದರೆ ಎಂಜಿನ್ ಸುಮ್ಮನೆ ಅರಚುತ್ತದೆ. 1956ರ ಮಾದರಿಯಲ್ಲಿ ಈ ಬದಲಾವಣೆಯನ್ನು ನಯಗೊಳಿಸಲು ಎಂಜಿನಿಯರ್‌ಗಳು ಒಳಗೆ ಎಣ್ಣೆ ತುಂಬಿ ಖಾಲಿಯಾಗುವ ಎರಡನೆಯ ಸಣ್ಣ ಕಪ್ಲಿಂಗ್ ಸೇರಿಸಿದರು. ಹಡಗನ್ನು ಹಿಂದಕ್ಕೆ ತಿರುಗಿಸಲು ಫೋಟಿಂಗರ್ ಬಳಸಿದ್ದ ಉಪಾಯವೇ ಅದು.

ಅದನ್ನು ನೋಡಲು ಅವರು ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಹಗುರ ಟ್ಯಾಂಕುಗಳು ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್ ಹೊತ್ತು, ಅಂದರೆ ಅವರದೇ ಕಪ್ಲಿಂಗ್ ಹೊತ್ತು, ಜರ್ಮನಿಯೊಳಕ್ಕೆ ನುಗ್ಗುತ್ತಿದ್ದವು. ಪೂರ್ವದಿಂದ ಸೋವಿಯತ್ ಸೇನೆ ಬರ್ಲಿನ್ನನ್ನು ಸುತ್ತುವರಿದಿತ್ತು. 1945ರ ಏಪ್ರಿಲ್ 28ರಂದು, ಯುರೋಪಿನಲ್ಲಿ ಯುದ್ಧ ಮುಗಿಯಲು ಹತ್ತೇ ದಿನ ಬಾಕಿ ಇರುವಾಗ, 68 ವರ್ಷದ ಫೋಟಿಂಗರ್ ಆ ನಗರದಲ್ಲಿ ಶೆಲ್ ಚೂರು ತಗುಲಿ ತೀರಿಕೊಂಡರು. ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ದ್ರವಚಲನೆಯ ಸಂಸ್ಥೆಗೆ ನಂತರ ಅವರ ಹೆಸರಿಟ್ಟರು. ಕೋಟ್ಯಂತರ ಕಾರುಗಳೊಳಗೆ ಅವರ ಯಂತ್ರವಿದ್ದರೂ ಓಡಿಸುವವರಲ್ಲಿ ಅವರ ಹೆಸರು ಗೊತ್ತಿರುವವರು ಎಷ್ಟು ಜನ? ಈ ಲೇಖನಕ್ಕೆ ಕೈಹಾಕುವ ಮೊದಲು ನಮಗೂ ಗೊತ್ತಿರಲಿಲ್ಲ.

ಹಾಗಾದರೆ ಇಷ್ಟು ನಯವಾದ ಯಂತ್ರವಿದ್ದೂ ಇಂದಿನ ಹೊಸ ಕಾರು ಜರ್ಕ್ ಹೊಡೆಯುವುದೇಕೆ? ದ್ರವದಲ್ಲಿ ಎರಡು ಚಕ್ರಗಳು ಎಂದೂ ಸರಿಸಮ ವೇಗದಲ್ಲಿ ತಿರುಗುವುದಿಲ್ಲ, ಸ್ವಲ್ಪ ಜಾರುತ್ತಲೇ ಇರುತ್ತವೆ. ಹಡಗಿನಿಂದ ಅದನ್ನು ಹೊರಹಾಕಿದ್ದ ನಷ್ಟವೇ ಇಲ್ಲಿಯೂ ಇಂಧನ ತಿನ್ನುತ್ತದೆ. ಅದನ್ನು ತಡೆಯಲು ವೇಗ ಹಿಡಿದ ಮೇಲೆ ಎರಡೂ ಚಕ್ರಗಳನ್ನು ಕ್ಲಚ್‌ನಿಂದ ಕಟ್ಟಿಹಾಕುತ್ತಾರೆ. 1949ರ ಪ್ಯಾಕರ್ಡ್ ಕಾರಿನಲ್ಲೇ ಇದು ಬಂದಿತ್ತು. ಮೈಲೇಜ್ ಹೆಚ್ಚಿಸಲು ಇಂದಿನ ಕಾರುಗಳು ಆದಷ್ಟು ಬೇಗ ಕಟ್ಟುತ್ತವೆ. ಕಟ್ಟಿದ ಮೇಲೆ ಗುದ್ದು ನುಂಗುವ ದ್ರವ ದಾರಿಯಿಂದ ಸರಿದಂತೆಯೇ. ಎಂಟು ಗೇರುಗಳಿದ್ದರೆ ಗೇರು ಬದಲಾಗುವ ಕ್ಷಣಗಳೂ ಹೆಚ್ಚು.

ಇನ್ನು ಓಡಿಸುತ್ತಾ ಸರಿಹೋಗುವ ಮಾತು. ಹೊಸ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಹೊಂದಿಕೊಳ್ಳಲು ಸಮಯ ಬೇಕು, ಒಂದು ಗೇರ್‌ಬಾಕ್ಸ್ ಇನ್ನೊಂದರಂತೆ ಕಟ್ಟುನಿಟ್ಟಾಗಿ ಇರುವುದೂ ಇಲ್ಲ. ಹಾಗಾಗಿ ಅದರ ಕಂಪ್ಯೂಟರ್ ಪ್ರತಿ ಬದಲಾವಣೆಗೆ ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿಕೊಂಡು ಎಣ್ಣೆಯ ಒತ್ತಡವನ್ನು ಹೆಚ್ಚುಕಡಿಮೆ ಮಾಡುತ್ತಾ ಕಲಿಯುತ್ತದೆ. ಆದ್ದರಿಂದ ಸಣ್ಣ ಜರ್ಕ್ ದಿನ ಕಳೆದಂತೆ ಕಡಿಮೆಯಾಗುವುದು ನಿಜ. ಕೆಲವು ವಾಹನಗಳಲ್ಲಿ ಬ್ಯಾಟರಿ ಕಳಚಿದರೆ ಕಲಿತದ್ದು ಅಳಿಸಿಹೋಗುತ್ತದೆ. ತಣ್ಣಗಿರುವ ಎಣ್ಣೆ ದಪ್ಪವಾಗಿರುವುದರಿಂದ ಬೆಳಗಿನ ಟಕ್ ಸದ್ದೂ ಹೆಚ್ಚಿನ ಸಲ ಚಿಂತೆಯ ವಿಷಯವಲ್ಲ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ನಮ್ಮಲ್ಲಿ ಆಟೋಮ್ಯಾಟಿಕ್ ಎಂದು ಮಾರುವ ಅಗ್ಗದ ಕಾರುಗಳಲ್ಲಿ ಬಹಳಷ್ಟು ಎಎಂಟಿ. ಅವುಗಳಲ್ಲಿ ಫೋಟಿಂಗರ್ ಡಬ್ಬಿ ಇರುವುದೇ ಇಲ್ಲ. ಮಾಮೂಲಿ ಕ್ಲಚ್ಚನ್ನು ಕಾಲಿನ ಬದಲು ಒಂದು ಮೋಟರ್ ಅಥವಾ ಹೈಡ್ರಾಲಿಕ್ ಸಾಧನ ಒತ್ತುತ್ತದೆ. ಕ್ಲಚ್ ಒತ್ತಿದ ಅಷ್ಟು ಹೊತ್ತು ಚಕ್ರಕ್ಕೆ ಟಾರ್ಕ್ ಹೋಗುವುದಿಲ್ಲ, ತಲೆ ಮುಂದಕ್ಕೆ ವಾಲುತ್ತದೆ. ಅದು ಆ ವಿನ್ಯಾಸದ ಗುಣ, ಸಾವಿರ ಕಿಲೋಮೀಟರ್ ಓಡಿದರೂ ಪೂರ್ತಿ ಹೋಗದು. ಗೇರು ಬದಲಾಗುವಾಗ ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿದರೆ ಕಡಿಮೆಯಾಗುತ್ತದೆ.

ಸುಮ್ಮನಿರಬಾರದ ಲಕ್ಷಣಗಳು ಬೇರೆ ಇವೆ. ಎಂಜಿನ್ ಸದ್ದು ಏರಿದರೂ ವೇಗ ಏರದಿರುವುದು, ಡಿ ಅಥವಾ ಆರ್‌ಗೆ ಹಾಕಿದ ಮೇಲೆ ಕೆಲವು ಸೆಕೆಂಡು ಕಾರು ಕದಲದೆ ನಂತರ ಧಡ್ ಎಂದು ಹಿಡಿಯುವುದು, ಬಿಸಿಯಾದ ಮೇಲೆ ಜರ್ಕ್ ಜೋರಾಗುವುದು, ಸುಟ್ಟ ವಾಸನೆ, ನಿಲ್ಲಿಸಿದ ಜಾಗದಲ್ಲಿ ಎಣ್ಣೆ ಕಲೆ, ಎಚ್ಚರಿಕೆ ದೀಪ. ಇವುಗಳಲ್ಲಿ ಒಂದು ಕಂಡರೂ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ, ತಣ್ಣಗಿರುವಾಗಲೋ ಬಿಸಿಯಾದ ಮೇಲೋ ಎಂದು ಬರೆದುಕೊಂಡು ಹೋಗಿ, ಅಲ್ಲಿನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ. ಎಣ್ಣೆಯ ಮಟ್ಟ ನೋಡಿದರೋ, ಹೊಸ ಸಾಫ್ಟ್‌ವೇರ್ ಇದೆಯೋ ಕೇಳಿ. ಹೊಸ ಕಾರು ಎಲ್ಲವೂ ಹಾಗೆಯೇ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಒಪ್ಪಬೇಡಿ. ದೂರನ್ನು ದಿನಾಂಕ ಮತ್ತು ಕಿಲೋಮೀಟರ್ ಸಮೇತ ಜಾಬ್ ಕಾರ್ಡ್‌ನಲ್ಲಿ ಬರೆಸಿ, ಒಂದು ಪ್ರತಿ ಇಟ್ಟುಕೊಳ್ಳಿ. ವಾರಂಟಿ ಮುಗಿದ ಮೇಲೆ ಅದೇ ಜರ್ಕ್ ದೊಡ್ಡದಾದರೆ, ತೊಂದರೆ ಮೊದಲ ತಿಂಗಳಲ್ಲೇ ಇತ್ತು ಎನ್ನಲು ಆ ಕಾಗದ ಬೇಕಾಗುತ್ತದೆ.