ಮೇಡಂ ವಾಕರ್: ಗುಂಗುರು ಕೂದಲಿಗೆ ಗೌರವ ತಂದ ವ್ಯಾಪಾರಿ

ಜೀವನ ಚರಿತ್ರೆ ಎಂದ ಕೂಡಲೇ ನಮಗೆ ರಾಜರು, ರಾಣಿಯರು, ಸ್ವಾತಂತ್ರ್ಯ ಹೋರಾಟಗಾರರು ನೆನಪಾಗುತ್ತಾರೆ. ರಾಣಿ ಚೆನ್ನಮ್ಮನ ಸಮಾಧಿ ಇರುವ ಬೈಲಹೊಂಗಲದಲ್ಲಿ ಇದು ಸಹಜವೇ. ಆದರೆ ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಆದ್ದರಿಂದ ಈ ಸಲ ಒಬ್ಬ ವ್ಯಾಪಾರಿಯ ಕಥೆ ಬರೆಯುತ್ತಿದ್ದೇನೆ. ಆಕೆ ತಲೆಗೂದಲಿಗೆ ಹಚ್ಚುವ ಮುಲಾಮು ಮಾರಿ ಜಗತ್ತಿನಲ್ಲಿ ಹೆಸರು ಮಾಡಿದಳು. ಮಳೆಗಾಲ ಬಂತೆಂದರೆ ಕೆದರಿ ಉಬ್ಬುವ ಕೂದಲಿನ ಜೊತೆ ಕನ್ನಡಿಯ ಮುಂದೆ ಜಗಳವಾಡುವ ನನ್ನ ಗೆಳತಿಯರೆಲ್ಲರೂ ಈ ಕಥೆಯನ್ನು ಓದಲೇಬೇಕು.

ಆಕೆಯ ಹುಟ್ಟು ಹೆಸರು ಸಾರಾ ಬ್ರೀಡ್‌ಲವ್. 1867ರ ಡಿಸೆಂಬರ್ 23ರಂದು ಅಮೆರಿಕದ ಲೂಸಿಯಾನಾ ರಾಜ್ಯದ ಡೆಲ್ಟಾ ಎಂಬ ಊರಿನ ಹತ್ತಿರದ ಹತ್ತಿ ತೋಟದಲ್ಲಿ ಹುಟ್ಟಿದಳು. ಅವಳ ತಂದೆ ತಾಯಿ ಅದೇ ತೋಟದಲ್ಲಿ ಗುಲಾಮರಾಗಿದ್ದವರು. ಗುಲಾಮಗಿರಿ ಹೋದ ಮೇಲೆ ಆ ಮನೆಯಲ್ಲಿ ಸ್ವತಂತ್ರಳಾಗಿ ಹುಟ್ಟಿದ ಮೊದಲ ಮಗು ಸಾರಾ. ಹತ್ತಿ ಎಂದರೆ ನಮ್ಮ ಸೀಮೆಗೂ ಹತ್ತಿರದ ಮಾತು. 19ನೇ ಶತಮಾನದಲ್ಲಿ ಬ್ರಿಟಿಷರು ಅದೇ ಲೂಸಿಯಾನಾದ ನ್ಯೂ ಆರ್ಲಿಯನ್ಸ್ ತಳಿಯ ಬೀಜ ತರಿಸಿ ಧಾರವಾಡ ಭಾಗದ ಎರೆ ಭೂಮಿಯಲ್ಲಿ ಬಿತ್ತಿಸಿದರು. ಆ ಹತ್ತಿಗೆ ಧಾರವಾಡ-ಅಮೆರಿಕನ್ ಎಂದೇ ಹೆಸರು ಬಂತು. ಹತ್ತಿ ಬಿಡಿಸುವಾಗ ಬೆರಳು ಹೇಗೆ ಕೀಳುತ್ತದೆ, ಬೆನ್ನು ಹೇಗೆ ನೋಯುತ್ತದೆ ಎಂಬುದು ಸವದತ್ತಿ, ಬೈಲಹೊಂಗಲದ ಹಳ್ಳಿಗಳಿಂದ ಬರುವ ನಮ್ಮ ಗೆಳತಿಯರಿಗೆ ಹೇಳಿಕೊಡಬೇಕಾಗಿಲ್ಲ.

ಏಳು ವರ್ಷಕ್ಕೇ ಸಾರಾ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡಳು. ಅಕ್ಕನ ಜೊತೆ ವಿಕ್ಸ್‌ಬರ್ಗ್ ಎಂಬ ಊರಿಗೆ ಹೋಗಿ ಪರರ ಮನೆಗೆಲಸ ಮಾಡಿದಳು. ಭಾವನ ಕಾಟ ತಾಳಲಾರದೆ 14ನೇ ವಯಸ್ಸಿಗೆ ಮೋಸೆಸ್ ಮ್ಯಾಕ್‌ವಿಲಿಯಮ್ಸ್ ಎಂಬವನನ್ನು ಮದುವೆಯಾದಳು. 1885ರಲ್ಲಿ ಲೀಲಿಯಾ ಎಂಬ ಮಗಳು ಹುಟ್ಟಿದಳು. ಎರಡು ವರ್ಷದಲ್ಲಿ ಗಂಡ ತೀರಿಕೊಂಡ. ಆಗ ಅವಳಿಗೆ 20 ವರ್ಷ. ನಮಗಿಂತ ಮೂರು ವರ್ಷ ದೊಡ್ಡವಳು ಅಷ್ಟೇ. ಕೈಯಲ್ಲಿ ಕೂಸು, ತಲೆಯ ಮೇಲೆ ದುಃಖ, ಅಕ್ಷರವೂ ಸರಿಯಾಗಿ ಬಾರದು.

ಅವಳ ಅಣ್ಣಂದಿರು ಸೇಂಟ್ ಲೂಯಿಸ್ ನಗರದಲ್ಲಿ ಕ್ಷೌರಿಕರಾಗಿದ್ದರು. ಮಗಳನ್ನು ಕಟ್ಟಿಕೊಂಡು ಅಲ್ಲಿಗೆ ಹೋದಳು. ಊರವರ ಬಟ್ಟೆ ಒಗೆಯುವುದೇ ಅವಳ ಕೆಲಸವಾಯಿತು. ದಿನಕ್ಕೆ ಒಂದೂವರೆ ಡಾಲರ್ ಕೂಡ ಕಷ್ಟದಿಂದ ಸಿಗುತ್ತಿತ್ತು. ಬಿಸಿನೀರಿನ ಹಬೆ, ಕಾಸ್ಟಿಕ್ ಸೋಪು, ಸೋಡಾ, ಇವುಗಳ ನಡುವೆಯೇ ವರ್ಷಗಳು ಹೋದವು. ಆ ದುಡಿಮೆಯಲ್ಲಿಯೇ ಮಗಳನ್ನು ಶಾಲೆಗೆ ಕಳಿಸಿದಳು, ತಾನೂ ಸಂಜೆಯ ಶಾಲೆಗೆ ಹೋಗಿ ಓದು ಕಲಿಯಲು ಯತ್ನಿಸಿದಳು.

ಈ ಹೊತ್ತಿನಲ್ಲಿಯೇ ಅವಳ ಕೂದಲು ಗೊಂಚಲು ಗೊಂಚಲಾಗಿ ಉದುರಲು ಶುರುವಾಯಿತು. ಇದು ಅವಳೊಬ್ಬಳ ತೊಂದರೆಯಾಗಿರಲಿಲ್ಲ. ಅಂದಿನ ಬಡ ಕಪ್ಪು ಜನರ ಮನೆಗಳಲ್ಲಿ ನಳ ಇರಲಿಲ್ಲ. ನೀರು ಹೊತ್ತು ತರಬೇಕು, ಕಾಯಿಸಬೇಕು. ಹಾಗಾಗಿ ತಿಂಗಳಿಗೊಮ್ಮೆ ತಲೆ ತೊಳೆಯುವುದೂ ದೊಡ್ಡ ಮಾತಾಗಿತ್ತು. ತೊಳೆದರೂ ಬಟ್ಟೆಯ ಸೋಪೇ ಗತಿ. ಹೊಟ್ಟೆಗೆ ಸರಿಯಾದ ಆಹಾರವಿಲ್ಲ. ಹೊಟ್ಟು, ಹುಣ್ಣು, ತುರಿಕೆ ಎಲ್ಲ ಸೇರಿ ತಲೆ ಬೋಳಾಗುತ್ತಿತ್ತು. ಇದರ ಮೇಲೆ ಅವರ ಗುಂಗುರು ಕೂದಲನ್ನು ನೋಡಿ ನಗುವವರು ಬೇರೆ. ನೇರವಾದ ರೇಷ್ಮೆಯಂಥ ಕೂದಲೇ ಒಳ್ಳೆಯ ಕೂದಲು, ಗುಂಗುರಾದದ್ದು ಕೆಟ್ಟ ಕೂದಲು ಎಂಬ ಮಾತು ಆ ದೇಶದಲ್ಲಿ ರೂಢಿಯಾಗಿತ್ತು.

ಸಾರಾ ಅಣ್ಣಂದಿರಿಂದ ಕೂದಲಿನ ಆರೈಕೆ ಕಲಿತಳು. 1904ರ ಹೊತ್ತಿಗೆ ಆ್ಯನಿ ಟರ್ನ್‌ಬೋ ಎಂಬ ಇನ್ನೊಬ್ಬ ಕಪ್ಪು ಮಹಿಳಾ ಉದ್ಯಮಿಯ ಕೂದಲ ಔಷಧಿಯನ್ನು ಕಮಿಷನ್ ಮೇಲೆ ಮಾರತೊಡಗಿದಳು. 1905ರಲ್ಲಿ ಡೆನ್ವರ್ ನಗರಕ್ಕೆ ಹೋಗಿ ಅಡುಗೆ ಕೆಲಸ ಮಾಡುತ್ತ, ಬಿಡುವಿನಲ್ಲಿ ತನ್ನದೇ ಮುಲಾಮು ತಯಾರಿಸಲು ಆರಂಭಿಸಿದಳು. ಅದರಲ್ಲಿ ಗಂಧಕ, ವ್ಯಾಸಲೀನ್‌ನಂಥ ಜಿಡ್ಡು, ಜೇನುಮೇಣ, ಕೊಬ್ಬರಿ ಎಣ್ಣೆ ಇದ್ದವು. ಆಫ್ರಿಕಾದ ಒಬ್ಬ ಮನುಷ್ಯ ಕನಸಿನಲ್ಲಿ ಬಂದು ಇದನ್ನು ಹೇಳಿಕೊಟ್ಟನೆಂದು ಆಕೆ ಹೇಳುತ್ತಿದ್ದಳು. ಆ್ಯನಿ ಟರ್ನ್‌ಬೋ ಮಾತ್ರ ತನ್ನ ಸರಕನ್ನೇ ನಕಲು ಮಾಡಿದ್ದಾಳೆಂದು ಸಿಟ್ಟಾದಳು. ಗಂಧಕದ ಮುಲಾಮು ಇಬ್ಬರಿಗಿಂತಲೂ ಹಳೆಯದು. ಹೊಸದೆಂದರೆ ಅದನ್ನು ಬಡ ಹೆಂಗಸರ ಮನೆ ಬಾಗಿಲಿಗೆ ಒಯ್ದ ರೀತಿ.

1906ರ ಜನವರಿಯಲ್ಲಿ ಪತ್ರಿಕಾ ಜಾಹೀರಾತಿನ ಕೆಲಸ ಬಲ್ಲ ಚಾರ್ಲ್ಸ್ ಜೋಸೆಫ್ ವಾಕರ್ ಎಂಬವನನ್ನು ಮದುವೆಯಾಗಿ ಸಾರಾ ಮೇಡಂ ಸಿ. ಜೆ. ವಾಕರ್ ಆದಳು. ಹೆಸರಿನ ಹಿಂದೆ ಮೇಡಂ ಎಂದು ಹಾಕಿಕೊಂಡದ್ದರಲ್ಲಿ ದೊಡ್ಡ ಅರ್ಥವಿತ್ತು. ಆ ಕಾಲದ ಅಮೆರಿಕದಲ್ಲಿ ಬಿಳಿಯರು ಕಪ್ಪು ಹೆಂಗಸರಿಗೆ ಎಷ್ಟೇ ವಯಸ್ಸಾಗಿರಲಿ ಬರೀ ಹೆಸರು ಹಿಡಿದು ಕೂಗುತ್ತಿದ್ದರು. ಈಗ ಅವಳ ಡಬ್ಬಿ ಕೊಳ್ಳುವವರೆಲ್ಲ ಮೇಡಂ ಎಂದೇ ಓದಬೇಕಾಯಿತು. ಡಬ್ಬಿಯ ಮೇಲೆ ಅವಳದೇ ಮುಖ. ವ್ಯವಹಾರ ಅಧ್ಯಯನದ ಪುಸ್ತಕದಲ್ಲಿ ನಾವು ಬ್ರಾಂಡ್ ಎಂದು ಓದುವುದನ್ನು ಆಕೆ ಪುಸ್ತಕವಿಲ್ಲದೆ ಮಾಡಿ ತೋರಿಸಿದಳು.

ಅವಳ ವಿಧಾನ ಸರಳವಾಗಿತ್ತು. ಮೊದಲು ತಲೆಯನ್ನು ಚೆನ್ನಾಗಿ, ಮತ್ತೆ ಮತ್ತೆ ತೊಳೆಯುವುದು. ನೆತ್ತಿಗೆ ಮುಲಾಮು ಹಚ್ಚಿ ತಿಕ್ಕುವುದು. ಬ್ರಷ್‌ನಿಂದ ಬಾಚುವುದು. ಕೊನೆಗೆ ಎಣ್ಣೆ ಹಚ್ಚಿ ಬಿಸಿ ಮಾಡಿದ ಕಬ್ಬಿಣದ ಹಣಿಗೆಯನ್ನು ಆಡಿಸುವುದು. ಈ ಬಿಸಿ ಹಣಿಗೆಯನ್ನು ಕಂಡುಹಿಡಿದವಳು ಅವಳೇ ಎಂದು ಹಲವರು ಬರೆಯುತ್ತಾರೆ. ಅದು ತಪ್ಪು, ಅಂಥ ಹಣಿಗೆ ಯುರೋಪಿನಲ್ಲಿ ಮೊದಲೇ ಇತ್ತು. ಕೂದಲು ನೇರ ಮಾಡುವವಳು ಎಂದು ತನ್ನನ್ನು ಕರೆಯುವುದನ್ನು ಆಕೆ ಒಪ್ಪುತ್ತಿರಲಿಲ್ಲ. ಕೂದಲು ಬೆಳೆಯುವಂತೆ, ನೆತ್ತಿ ಆರೋಗ್ಯವಾಗಿರುವಂತೆ ಮಾಡುವುದೇ ತನ್ನ ಕೆಲಸವೆಂದು ವಾದಿಸುತ್ತಿದ್ದಳು. ಆದರೂ ಅವಳ ಏಜೆಂಟರ ಕೈಯಲ್ಲಿ ಬಿಸಿ ಹಣಿಗೆ ಇತ್ತು, ಅದರಿಂದ ಲಾಭವೂ ಬಂತು. ಬಿಳಿಯರಂತೆ ಕಾಣುವ ಆಸೆಯನ್ನು ಈ ವ್ಯಾಪಾರ ಬೆಳೆಸುತ್ತದೆ ಎಂದು ಅವಳ ಜನರಲ್ಲೇ ಕೆಲವರು ಟೀಕಿಸಿದರು. ಲೆಕ್ಕದ ಪುಸ್ತಕದಲ್ಲಿ ಜಮೆಯ ಜೊತೆ ಖರ್ಚನ್ನೂ ಬರೆಯಬೇಕು, ಅದಕ್ಕಾಗಿ ಇದನ್ನೂ ಬರೆದಿದ್ದೇನೆ.

1908ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಗಳ ಹೆಸರಿನಲ್ಲಿ ಲೀಲಿಯಾ ಕಾಲೇಜು ತೆರೆದು ಹೆಂಗಸರಿಗೆ ಕೂದಲ ಆರೈಕೆ ಕಲಿಸಿದಳು. 1910ರಲ್ಲಿ ಇಂಡಿಯಾನಾಪೊಲಿಸ್‌ಗೆ ಹೋಗಿ ಕಾರ್ಖಾನೆ ಕಟ್ಟಿದಳು. ಮುಂದಿನ ವರ್ಷ ಕಂಪನಿ ನೋಂದಣಿಯಾಯಿತು. ಸಾವಿರಾರು ಹೆಂಗಸರು ಅವಳ ಏಜೆಂಟರಾದರು. ಅಲ್ಲಿಯ ತನಕ ಅವರಿಗೆ ಇದ್ದದ್ದು ಎರಡೇ ದಾರಿ, ಪರರ ಮನೆಯ ಅಡುಗೆ ಇಲ್ಲವೇ ಪರರ ಬಟ್ಟೆಯ ಒಗೆತ. ಈಗ ಸ್ವಂತ ಗಿರಾಕಿ, ಸ್ವಂತ ಗಲ್ಲಾಪೆಟ್ಟಿಗೆ. 1912ರಲ್ಲಿ ಕಪ್ಪು ವ್ಯಾಪಾರಿಗಳ ರಾಷ್ಟ್ರೀಯ ಸಮ್ಮೇಳನ ಷಿಕಾಗೋದಲ್ಲಿ ನಡೆಯಿತು. ಅಧ್ಯಕ್ಷರಾಗಿದ್ದ ಪ್ರಸಿದ್ಧ ನಾಯಕ ಬುಕರ್ ಟಿ. ವಾಷಿಂಗ್ಟನ್ ಅವಳಿಗೆ ಮಾತನಾಡಲು ಅವಕಾಶ ಕೊಡಲಿಲ್ಲ. ಕೊನೆಯ ದಿನ ಆಕೆ ತಾನಾಗಿಯೇ ಎದ್ದು ನಿಂತು, ಹತ್ತಿ ಹೊಲದಿಂದ ಒಗೆತದ ತೊಟ್ಟಿಗೆ, ಅಲ್ಲಿಂದ ಸ್ವಂತ ಕಾರ್ಖಾನೆಗೆ ಬಂದ ತನ್ನ ದಾರಿಯನ್ನು ಸಭೆಗೆ ಹೇಳಿದಳು. ಮರುವರ್ಷ ಅದೇ ಸಮ್ಮೇಳನ ಅವಳನ್ನು ಭಾಷಣಕ್ಕೆ ಕರೆಯಿತು.

1917ರಲ್ಲಿ ಫಿಲಡೆಲ್ಫಿಯಾದಲ್ಲಿ ತನ್ನ ಏಜೆಂಟರ ಸಮ್ಮೇಳನ ನಡೆಸಿದಳು. 200ಕ್ಕೂ ಹೆಚ್ಚು ಹೆಂಗಸರು ಬಂದಿದ್ದರು. ಹೆಚ್ಚು ಮಾಲು ಮಾರಿದವರಿಗೆ ಬಹುಮಾನ ಕೊಟ್ಟಂತೆ, ಊರಿನಲ್ಲಿ ಹೆಚ್ಚು ದಾನ ಮಾಡಿದವರಿಗೂ ಕೊಟ್ಟಳು. ಅದೇ ವರ್ಷ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಕಪ್ಪು ಜನರ ಕೊಲೆ ನಡೆದಾಗ, ಗುಂಪುಹತ್ಯೆ ತಡೆಯುವ ಕಾನೂನು ಬೇಕೆಂದು ಮನವಿ ಹಿಡಿದು ಮುಖಂಡರ ಜೊತೆ ಅಧ್ಯಕ್ಷರ ಶ್ವೇತಭವನಕ್ಕೆ ಹೋದಳು. ಅಧ್ಯಕ್ಷ ವಿಲ್ಸನ್ ಭೇಟಿ ಕೊಡಲಿಲ್ಲ. ಆಕೆ ಸುಮ್ಮನಾಗಲಿಲ್ಲ. 1919ರಲ್ಲಿ ಆ ಹೋರಾಟದ ನಿಧಿಗೆ 5,000 ಡಾಲರ್ ಕೊಟ್ಟಳು. ಅದೇ ವರ್ಷ ಮೇ 25ರಂದು, ರಕ್ತದೊತ್ತಡ ಮತ್ತು ಮೂತ್ರಪಿಂಡದ ಕಾಯಿಲೆಯಿಂದ ತನ್ನ 51ನೇ ವಯಸ್ಸಿನಲ್ಲಿ ತೀರಿಕೊಂಡಳು. ಪತ್ರಿಕೆಗಳು ಅವಳನ್ನು 10 ಲಕ್ಷ ಡಾಲರಿನ ಒಡತಿ ಎಂದು ಕರೆದವು. ಆಸ್ತಿಯ ಲೆಕ್ಕ ಹಾಕಿದಾಗ ಅಷ್ಟು ಇರಲಿಲ್ಲ. ಆದರೆ ಮುಂದಿನ ಲಾಭದ ಮೂರನೇ ಎರಡು ಭಾಗ ದಾನಕ್ಕೆ ಹೋಗಬೇಕೆಂದು ಉಯಿಲು ಬರೆದಿಟ್ಟಿದ್ದಳು.

ಇಷ್ಟು ದೂರದ ಕಥೆ ನಮಗೇಕೆ ಎಂದು ಕೇಳಬಹುದು. ಅವಳ ಕೂದಲು ನಮ್ಮಿಂದ ದೂರವಿಲ್ಲ. ನಮ್ಮ ಜಿಲ್ಲೆಯ ಖಾನಾಪುರದಲ್ಲಿ, ಪಕ್ಕದ ಹಳಿಯಾಳ, ಯಲ್ಲಾಪುರ, ಮುಂಡಗೋಡದಲ್ಲಿ ಸಿದ್ದಿ ಜನರಿದ್ದಾರೆ. ಅವರ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು, ಬಹಳಷ್ಟು ಮಂದಿ ಗುಲಾಮರಾಗಿ ಬಂದವರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಕನ್ನಡ ನಾಡಿನ ಆ ಅಕ್ಕ ತಂಗಿಯರ ಕೂದಲೂ ಸಾರಾಳ ಕೂದಲಿನಂತೆಯೇ ಸುರುಳಿ ಸುರುಳಿ. ನಮ್ಮ ನಿಮ್ಮ ಮನೆಗಳಲ್ಲೂ ಗುಂಗುರು ಕೂದಲಿನವರಿದ್ದಾರೆ. ಶಾಲೆಯಲ್ಲಿ ಅಂಥವರಿಗೆ ಗುಬ್ಬಿ ಗೂಡು ಎಂದು ಹೆಸರಿಡುತ್ತಾರೆ. ಆ ಹೆಸರಿನಿಂದ ತಪ್ಪಿಸಿಕೊಳ್ಳಲು ಹುಡುಗಿಯರು ಹಬ್ಬದ ದುಡ್ಡು ಕೂಡಿಸಿ ಪಾರ್ಲರಿಗೆ ಕೊಡುತ್ತಾರೆ.

ಕೊಡುವ ಮುಂಚೆ ಸ್ವಲ್ಪ ಲೆಕ್ಕ ಮಾಡೋಣ. ಕೂದಲು ಗುಂಗುರಾಗುವುದು ಅದು ಹುಟ್ಟುವ ಬೇರಿನ ಆಕಾರದಿಂದ. ಇಸ್ತ್ರಿಯ ಬಿಸಿಯಿಂದ ನೇರವಾದ ಕೂದಲು ನೀರು ತಾಗಿದ ಕೂಡಲೇ ಮೊದಲಿನಂತಾಗುತ್ತದೆ. ರಾಸಾಯನಿಕದಿಂದ ನೇರ ಮಾಡಿದರೆ ಈಗ ಇರುವ ಕೂದಲು ಮಾತ್ರ ಬದಲಾಗುತ್ತದೆ, ಬೇರಿನಿಂದ ಬರುವ ಹೊಸ ಕೂದಲು ಮತ್ತೆ ಗುಂಗುರೇ. ಕೆಲವು ಕ್ರೀಮುಗಳಿಂದ ಬಿಸಿ ಮಾಡುವಾಗ ಫಾರ್ಮಾಲ್ಡಿಹೈಡ್ ಎಂಬ ಅಪಾಯಕಾರಿ ಅನಿಲ ಹೊರಬರುತ್ತದೆ. ಇದು ಪ್ರತಿ ಕೆಲವು ತಿಂಗಳಿಗೊಮ್ಮೆ ಬರುವ ಖರ್ಚು, ಬಂಡವಾಳವಲ್ಲ.

ಕೆದರುವುದು ಬೇರೆ ವಿಷಯ, ಅದನ್ನು ತಡೆಯಬಹುದು. ನೆತ್ತಿಯ ಜಿಡ್ಡು ಸುರುಳಿಯ ತುದಿಯವರೆಗೆ ಇಳಿಯುವುದಿಲ್ಲ, ಆದ್ದರಿಂದ ತುದಿ ಒಣಗುತ್ತದೆ. ಒಣಗಿದ ಕೂದಲು ಮಳೆಗಾಲದ ಗಾಳಿಯ ತೇವ ಹೀರಿ ಉಬ್ಬುತ್ತದೆ. ಬೋರಿನ ಗಡಸು ನೀರಿನಲ್ಲಿ ಸೋಪು ಹಾಕಿದರೆ ಅದರ ಗಸಿ ಕೂದಲಿಗೆ ಅಂಟಿ ಇನ್ನಷ್ಟು ಒರಟಾಗುತ್ತದೆ. ಕೊನೆಗೆ ಸುರಿಯಲು ಒಂದು ತಂಬಿಗೆ ಮಳೆನೀರು ಸಿಕ್ಕರೆ ಒಳ್ಳೆಯದು. ತೊಳೆಯುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ. ನಮ್ಮ ಮನೆಗಳಲ್ಲಿ ಇದಕ್ಕೆ ಚಂಪಿ ಎನ್ನುತ್ತೇವೆ. ಶಾಂಪೂ ಎಂಬ ಇಂಗ್ಲಿಷ್ ಪದ ಹುಟ್ಟಿದ್ದೂ ಒತ್ತು, ತಿಕ್ಕು ಎಂಬ ಅರ್ಥದ ನಮ್ಮ ಹಿಂದೂಸ್ತಾನಿ ಮಾತಿನಿಂದಲೇ! ಶಾಂಪೂವನ್ನು ನೆತ್ತಿಗೆ ಹಾಕಿ, ಕಂಡಿಷನರನ್ನು ತುದಿಗೆ ಹಚ್ಚಿ. ಟವೆಲಿನಿಂದ ಗಸಗಸ ತಿಕ್ಕದೆ ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಅಗಲ ಹಲ್ಲಿನ ಹಣಿಗೆಯಿಂದ, ಕೂದಲು ತುಸು ಒದ್ದೆ ಇರುವಾಗಲೇ, ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುತ್ತ ಹೋಗಿ. ಬಸ್ಸಿನ ಅವಸರದಲ್ಲಿ ಹಸಿ ತಲೆಯ ಮೇಲೆಯೇ ಸ್ಕಾರ್ಫ್ ಬಿಗಿಯಬೇಡಿ. ಒಳಗೆ ಬೆವರು, ತೇವ ನಿಂತು ಹೊಟ್ಟು, ತುರಿಕೆ ಹೆಚ್ಚುತ್ತವೆ. ಹಿಂದಿನ ರಾತ್ರಿಯೇ ತಲೆ ತೊಳೆದುಕೊಂಡರೆ ಈ ತೊಂದರೆ ಇಲ್ಲ.

ನೋಡಿ, ಇದರಲ್ಲಿ ಬಹುಪಾಲು ಮೇಡಂ ವಾಕರ್ ಕಲಿಸಿದ್ದೇ. ತೊಳೆ, ಎಣ್ಣೆ ಹಚ್ಚು, ತಾಳ್ಮೆಯಿಂದ ಬಾಚು. ಅವಳ ಪದ್ಧತಿಯಲ್ಲಿ ಬಿಸಿ ಹಣಿಗೆಯನ್ನು ಬಿಟ್ಟು ಉಳಿದದ್ದೆಲ್ಲ ಇಂದಿಗೂ ನಿಲ್ಲುತ್ತದೆ. ಆರೈಕೆ ಮಾಡುವುದಕ್ಕೂ ತಿದ್ದುವುದಕ್ಕೂ ವ್ಯತ್ಯಾಸವಿದೆ. ದೇವರು ಕೊಟ್ಟ ಕೂದಲಿನಲ್ಲಿ ತಿದ್ದಬೇಕಾದ ತಪ್ಪೇನೂ ಇಲ್ಲ. ಅದಕ್ಕೆ ಬೇಕಾದದ್ದು ವಾರಕ್ಕೆ ಒಂದು ಗಂಟೆಯ ಆರೈಕೆ. ಆ ಆರೈಕೆಯನ್ನೇ ವೃತ್ತಿ ಮಾಡಿಕೊಂಡು ಒಬ್ಬ ಅಗಸಗಿತ್ತಿ ಸಾವಿರಾರು ಹೆಂಗಸರಿಗೆ ಅನ್ನದ ದಾರಿ ತೋರಿಸಿದಳು. ಪಿಯುಸಿ ಮುಗಿದ ಮೇಲೆ ಏನು ಎಂದು ಯೋಚಿಸುತ್ತಿರುವ ನಾವು, ಪಾರ್ಲರಿನ ಕುರ್ಚಿಯಲ್ಲಿ ಗಿರಾಕಿಯಾಗಿ ಕೂಡುವುದನ್ನಷ್ಟೇ ಅಲ್ಲ, ಆ ಅಂಗಡಿಯ ಲೆಕ್ಕ ಬರೆಯುವುದನ್ನೂ, ಒಂದು ದಿನ ಅದರ ಒಡತಿಯಾಗುವುದನ್ನೂ ಯೋಚಿಸಬಹುದು.