ಗಾಳಿಗೆ ಭಾರ ಹೊರಿಸಿದ ಪಶುವೈದ್ಯ

ನಮ್ಮ ಕಡೆ ಡನ್ಲಪ್ ಎಂದರೆ ಮೊದಲು ನೆನಪಾಗುವುದು ಟೈರು, ಅನಂತರ ಹಾಸಿಗೆ. ಆ ಹೆಸರಿನ ಹಿಂದೆ ಒಬ್ಬ ವ್ಯಕ್ತಿ ಇದ್ದರು, ಅವರು ವೃತ್ತಿಯಿಂದ ಪಶುವೈದ್ಯರಾಗಿದ್ದರು, ಚಿಕ್ಕ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಟೈರು ತಯಾರಿಸಲು ಹೊರಟು ಲೋಕದ ಸಾರಿಗೆಯ ಸ್ವರೂಪವನ್ನೇ ಬದಲಿಸಿದರು ಎಂಬ ಸಂಗತಿ ಹೆಚ್ಚು ಜನರಿಗೆ ತಿಳಿದಿಲ್ಲ. ರಬ್ಬರಿನ ಚಕ್ರ ಅವರಿಗಿಂತ ಮೊದಲೇ ಇತ್ತು. ವಾಹನದ ಭಾರವನ್ನು ಗಾಳಿಯಿಂದ ಹೊರಿಸಬಹುದೆಂಬುದನ್ನು ದಿನಬಳಕೆಯ ಸತ್ಯವಾಗಿಸಿದ್ದು ಜಾನ್ ಬಾಯ್ಡ್ ಡನ್ಲಪ್ ಅವರ ಸಾಧನೆ. ಆ ಸತ್ಯದ ಇನ್ನರ್ಧ ಭಾಗ, ಅಂದರೆ ಗಾಳಿ ಹೊರುವ ಭಾರಕ್ಕೂ ಒಂದು ಮಿತಿಯುಂಟು ಎಂಬುದು, ನಮ್ಮ ರಸ್ತೆಗಳಲ್ಲಿ ಇನ್ನೂ ಪೂರ್ತಿಯಾಗಿ ಮನವರಿಕೆಯಾಗಿಲ್ಲ.

ಡನ್ಲಪ್ ಜನಿಸಿದ್ದು 1840ರ ಫೆಬ್ರುವರಿ 5ರಂದು, ಸ್ಕಾಟ್ಲೆಂಡಿನ ಏರ್‌ಶೈರ್ ಪ್ರಾಂತದ ಡ್ರೆಗ್‌ಹಾರ್ನ್ ಎಂಬ ಊರಿನಲ್ಲಿ. ಕೃಷಿಕರ ಮನೆತನ. ಅವಧಿಗೆ ಮುನ್ನ ಹುಟ್ಟಿದ ಮಗುವಾದ್ದರಿಂದ ತಮ್ಮ ದೇಹಸ್ಥಿತಿ ದುರ್ಬಲವೆಂಬ ಭಾವನೆ ಅವರನ್ನು ಜೀವನವಿಡೀ ಬಿಡಲಿಲ್ಲ. ಎಡಿನ್‌ಬರೋದಲ್ಲಿ ಪಶುವೈದ್ಯಶಾಸ್ತ್ರ ಕಲಿತು, ಇಪ್ಪತ್ತು ತುಂಬುವ ಮೊದಲೇ ವೃತ್ತಿಗೆ ಇಳಿದರು. 1867ರಲ್ಲಿ ಐರ್ಲೆಂಡಿಗೆ ಬಂದು, ಮುಂದೆ ಬೆಲ್‌ಫಾಸ್ಟ್ ನಗರದಲ್ಲಿ ನೆಲೆಸಿದರು. ಅಲ್ಲಿ ಅವರ ಚಿಕಿತ್ಸಾಲಯವು ಐರ್ಲೆಂಡಿನ ದೊಡ್ಡ ಪಶುಚಿಕಿತ್ಸಾಲಯಗಳಲ್ಲಿ ಒಂದಾಗಿ ಬೆಳೆಯಿತು. ನಗರದ ಸರಕೆಲ್ಲ ಕುದುರೆ ಗಾಡಿಗಳಲ್ಲಿ ಸಾಗುತ್ತಿದ್ದ ಕಾಲವದು. ಭಾರ ಎಳೆದು ದಣಿದ, ಕಾಲು ಕೆಡಿಸಿಕೊಂಡ ಕುದುರೆಗಳನ್ನು ನೋಡುವುದು ಪಶುವೈದ್ಯನ ನಿತ್ಯದ ಕೆಲಸ. ಭಾರವೆಂದರೇನು, ಅದನ್ನು ಎಳೆಯುವ ಜೀವಕ್ಕೆ ಅದರಿಂದ ಆಗುವುದೇನು ಎಂಬುದನ್ನು ಡನ್ಲಪ್ ತಿಳಿದದ್ದು ಲೆಕ್ಕದ ಪುಸ್ತಕದಿಂದಲ್ಲ.

ಬೆಲ್‌ಫಾಸ್ಟಿನ ಬೀದಿಗಳಿಗೆ ಅಂದು ಕಲ್ಲಿನ ತುಂಡುಗಳನ್ನು ಹಾಸಲಾಗಿತ್ತು. ನಡುವೆ ಟ್ರಾಮಿನ ಹಳಿಗಳು. ಸೈಕಲ್ಲಿನ ಚಕ್ರಗಳಿಗೆ ಇದ್ದದ್ದು ಗಟ್ಟಿ ರಬ್ಬರಿನ ಪಟ್ಟಿ. ಮಗ ಜಾನಿ ತನ್ನ ಮೂರು ಗಾಲಿಯ ಸೈಕಲ್ ತುಳಿಯುವಾಗ ಆಗುತ್ತಿದ್ದ ಕುಲುಕಾಟಕ್ಕೆ ಪರಿಹಾರ ಹುಡುಕಲು 1887ರಲ್ಲಿ ತಂದೆ ಮುಂದಾದರು. ತೆಳು ರಬ್ಬರ್ ಹಾಳೆಯಿಂದ ಒಂದು ಕೊಳವೆ ಮಾಡಿ, ಅದನ್ನು ಮರದ ಬಿಲ್ಲೆಯೊಂದರ ಅಂಚಿಗೆ ಸುತ್ತಿ, ಮೇಲೆ ನಾರುಬಟ್ಟೆ ಹೊದಿಸಿ ಮೊಳೆ ಹೊಡೆದರು. ಫುಟ್‌ಬಾಲಿಗೆ ಗಾಳಿ ತುಂಬುವ ಪಂಪಿನಿಂದ ಅದಕ್ಕೆ ಗಾಳಿ ತುಂಬಿದರು. ಬಳಿಕ ಸೈಕಲ್ಲಿನ ಗಟ್ಟಿ ರಬ್ಬರಿನ ಚಕ್ರವನ್ನೂ ಈ ಬಿಲ್ಲೆಯನ್ನೂ ಮನೆಯ ಅಂಗಳದಲ್ಲಿ ಒಂದರ ನಂತರ ಒಂದನ್ನು ಉರುಳಿಸಿ ಬಿಟ್ಟರು. ಗಟ್ಟಿ ರಬ್ಬರಿನ ಚಕ್ರ ಅಂಗಳ ದಾಟುವ ಮೊದಲೇ ವಾಲಿ ಬಿದ್ದಿತು. ಗಾಳಿ ತುಂಬಿದ ಬಿಲ್ಲೆ ಅಂಗಳದ ಕೊನೆಯವರೆಗೂ ಉರುಳಿ ಗೇಟಿಗೆ ಬಡಿದು ಹಿಂದಕ್ಕೆ ಚಿಮ್ಮಿತು. ಕುಲುಕಾಟ ತಪ್ಪಿಸಲು ಹೊರಟವರಿಗೆ ಅದಕ್ಕಿಂತ ದೊಡ್ಡದೊಂದು ಸಂಗತಿ ಗೋಚರಿಸಿತು: ಅಷ್ಟೇ ಬಲದಿಂದ ಹೆಚ್ಚು ದೂರ ಹೋಗಬಹುದು.

ಇದರ ಹಿಂದಿನ ತತ್ತ್ವ ಸರಳ. ಟೈರಿನಲ್ಲಿ ಭಾರ ಹೊರುವುದು ಮುಖ್ಯವಾಗಿ ರಬ್ಬರಲ್ಲ, ಒಳಗೆ ಒತ್ತಡದಲ್ಲಿ ಸೆರೆಯಾಗಿರುವ ಗಾಳಿ. ರಬ್ಬರು, ನೂಲು, ಉಕ್ಕಿನ ತಂತಿ ಇವೆಲ್ಲ ಆ ಗಾಳಿಯನ್ನು ಹಿಡಿದಿಡುವ ಚೀಲ. 1,200 ಕಿಲೋ ತೂಕದ ಕಾರಿನಲ್ಲಿ ಒಂದೊಂದು ಚಕ್ರದ ಮೇಲೆ ಸುಮಾರು 300 ಕಿಲೋ ಬೀಳುತ್ತದೆ. ಟೈರಿನ ಒತ್ತಡ 32 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ ಇದ್ದರೆ, ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 135 ಚದರ ಸೆಂಟಿಮೀಟರ್, ಹೆಚ್ಚು ಕಡಿಮೆ ಒಂದು ಅಂಗೈಯಷ್ಟು. ಇಡೀ ಸಂಸಾರ ಕೂತ ಕಾರು ರಸ್ತೆಯನ್ನು ಹಿಡಿದಿರುವುದು ಇಂತಹ ನಾಲ್ಕು ಅಂಗೈಗಳಿಂದ. ಗಾಳಿ ಕಡಿಮೆಯಾದರೆ ಅಥವಾ ಭಾರ ಹೆಚ್ಚಾದರೆ ಟೈರು ಹೆಚ್ಚು ಚಪ್ಪಟೆಯಾಗುತ್ತದೆ. ಪ್ರತಿ ಸುತ್ತಿನಲ್ಲೂ ಅದರ ಪಕ್ಕೆ ಅತಿಯಾಗಿ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಆ ಬಾಗುವಿಕೆಯಿಂದ ಒಳಗೆ ಶಾಖ ಕೂಡುತ್ತದೆ. ಕಡಿಮೆ ಗಾಳಿ ಮತ್ತು ಅತಿ ಭಾರ, ಟೈರಿನ ಪಾಲಿಗೆ ಇವೆರಡೂ ಒಂದೇ ರೋಗ.

1888ರಲ್ಲಿ ಡನ್ಲಪ್ ತಮ್ಮ ಟೈರಿಗೆ ಪೇಟೆಂಟ್ ಪಡೆದರು. ಮರುವರ್ಷ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟದಲ್ಲಿ ವಿಲಿ ಹ್ಯೂಮ್ ಎಂಬ ಸವಾರ ಈ ದಪ್ಪ ಟೈರಿನ ಸೈಕಲ್ಲಿನೊಂದಿಗೆ ಇಳಿದು, ತಾನು ಸ್ಪರ್ಧಿಸಿದ ನಾಲ್ಕೂ ಪಂದ್ಯಗಳನ್ನು ಗೆದ್ದ. ಡಬ್ಲಿನ್ನಿನ ಕಾಗದ ವ್ಯಾಪಾರಿ ಹಾರ್ವೆ ಡು ಕ್ರಾಸ್ ಅವರಿಗೆ ಇದರ ಬೆಲೆ ತಿಳಿಯಲು ತಡವಾಗಲಿಲ್ಲ. ಅವರ ಮುಂದಾಳತ್ವದಲ್ಲಿ 1889ರಲ್ಲೇ ಕಂಪನಿ ಸ್ಥಾಪನೆಯಾಯಿತು. ಡನ್ಲಪ್ ತಮ್ಮ ಪೇಟೆಂಟನ್ನು ಕಂಪನಿಗೆ ಒಪ್ಪಿಸಿ, ಪ್ರತಿಯಾಗಿ ಷೇರುಗಳನ್ನು ಪಡೆದರು.

ಆದರೆ ಆ ಪೇಟೆಂಟು ನಿಲ್ಲಲಿಲ್ಲ. ಡನ್ಲಪ್ ಅವರ ಅರಿವಿಗೇ ಬಾರದಂತೆ, ಸುಮಾರು ನಾಲ್ಕು ದಶಕಗಳಷ್ಟು ಹಿಂದೆ, ಮತ್ತೊಬ್ಬ ಸ್ಕಾಟಿಷ್ ವ್ಯಕ್ತಿ ಇದೇ ತತ್ತ್ವಕ್ಕೆ ಪೇಟೆಂಟ್ ಪಡೆದಿದ್ದರು. ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಗಾಳಿ ತುಂಬಿದ ಚಕ್ರವನ್ನು ರೂಪಿಸಿ, 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಸಾರೋಟುಗಳಿಗೆ ಅಳವಡಿಸಿ ತೋರಿಸಿದ್ದರು. ತಕ್ಕ ರಬ್ಬರ್ ದುಬಾರಿಯಾಗಿತ್ತು. ಕೊಳ್ಳುವ ಮಾರುಕಟ್ಟೆ ಇರಲಿಲ್ಲ. ಲೋಕ ಅದನ್ನು ಮರೆಯಿತು. ಡನ್ಲಪ್ ಕಾಲಕ್ಕೆ ಸೈಕಲ್ ಎಂಬ ಜನಪ್ರಿಯ ವಾಹನ ಬಂದಿತ್ತು. ಹೊಸತನಕ್ಕೆ ಜ್ಞಾನವೊಂದೇ ಸಾಲದು, ಬೇಡಿಕೆಯೂ ಬೇಕೆಂಬ ಅರ್ಥಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಮೂಲ ಪೇಟೆಂಟು ಕೈತಪ್ಪಿದರೂ ಕಂಪನಿ ಉಳಿಯಿತು. ಟೈರನ್ನು ಚಕ್ರದಿಂದ ಸುಲಭವಾಗಿ ಬಿಡಿಸಿ ಪಂಕ್ಚರ್ ತಿದ್ದಲು ಅನುಕೂಲವಾಗುವಂತೆ ವೆಲ್ಚ್ ಮತ್ತು ಬಾರ್ಟ್ಲೆಟ್ ಎಂಬವರು 1890ರಲ್ಲಿ ರೂಪಿಸಿದ್ದ ಅಂಚುಗಳ ಹಕ್ಕನ್ನು ಡು ಕ್ರಾಸ್ ಖರೀದಿಸಿದ್ದೇ ಅದಕ್ಕೆ ಕಾರಣ.

ಮುಂದಿನ ಸಂಪತ್ತು ಹರಿದದ್ದು ಬೇರೆಯವರ ಮನೆಗೆ. 1896ರಲ್ಲಿ ಅರ್ನೆಸ್ಟ್ ಹೂಲಿ ಎಂಬ ಹಣಕಾಸಿನ ಚತುರ ಈ ಕಂಪನಿಯನ್ನು 30 ಲಕ್ಷ ಪೌಂಡಿಗೆ ಕೊಂಡು, 50 ಲಕ್ಷ ಪೌಂಡಿನ ಬಂಡವಾಳದ ಹೊಸ ಕಂಪನಿಯಾಗಿ ಜನರ ಮುಂದಿಟ್ಟ. ಅಷ್ಟರಲ್ಲಿ ಡನ್ಲಪ್ ಟೈರು ಉದ್ಯಮದಿಂದ ದೂರ ಸರಿದಿದ್ದರು. 1892ರಲ್ಲೇ ಪಶುವೈದ್ಯ ವೃತ್ತಿ ತೊರೆದು ಡಬ್ಲಿನ್ನಿಗೆ ಬಂದಿದ್ದ ಅವರು, ಅಲ್ಲಿನ ಬಟ್ಟೆ ವ್ಯಾಪಾರದ ಸಂಸ್ಥೆಯೊಂದರಲ್ಲಿ ಪಾಲುಗೊಂಡು ನೆಮ್ಮದಿಯಾಗಿ ಬದುಕಿದರು. ಬಡವರಾಗಲಿಲ್ಲ, ತಮ್ಮ ಹೆಸರಿನ ಕಂಪನಿಯ ಅಳತೆಯ ಶ್ರೀಮಂತರೂ ಆಗಲಿಲ್ಲ. 1921ರ ಅಕ್ಟೋಬರ್ 23ರಂದು, 81ನೆಯ ವಯಸ್ಸಿನಲ್ಲಿ ತೀರಿಕೊಂಡರು. ದುರ್ಬಲ ದೇಹದವನೆಂದು ತಮ್ಮನ್ನು ತಾವೇ ತಿಳಿದಿದ್ದವರಿಗೆ ಅದು ದೀರ್ಘಾಯುಷ್ಯವೇ ಸರಿ. ಮುಂದೆ ಉತ್ತರ ಐರ್ಲೆಂಡಿನ ಬ್ಯಾಂಕೊಂದು ತನ್ನ 10 ಪೌಂಡಿನ ನೋಟಿನ ಮೇಲೆ ಅವರ ಚಿತ್ರ ಮುದ್ರಿಸಿ ಗೌರವ ಸಲ್ಲಿಸಿತು.

ಭಾರತದಲ್ಲಿ ಡನ್ಲಪ್ ಹೆಸರು ಬೇರೂರಿದ್ದು 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ತಲೆಯೆತ್ತಿದ ಕಾರ್ಖಾನೆಯಿಂದ. ದಶಕಗಳ ಕಾಲ ನಡೆದ ಆ ಕಾರ್ಖಾನೆ ಇಂದು ಸ್ತಬ್ಧವಾಗಿದೆ. ಆದರೆ ಪಶುವೈದ್ಯನ ಆವಿಷ್ಕಾರ ಪಶುವಿನ ಬಳಿಗೇ ಮರಳಿದ್ದು ನಮ್ಮ ಟೈರುಗಾಡಿಗಳ ಮೂಲಕ. ಕಬ್ಬಿಣದ ಪಟ್ಟಿ ಬಿಗಿದ ಮರದ ಗಾಲಿಯ ಜಾಗದಲ್ಲಿ ಗಾಳಿ ತುಂಬಿದ ಟೈರು ಬಂದಾಗ ಎತ್ತಿನ ಹೆಗಲಿಗೆ ಆರಾಮ ಸಿಗಬೇಕಿತ್ತು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಗಾಗಿ ದಶಕಗಳ ಕಾಲ ದುಡಿದದ್ದು ಈ ಆಶಯದಿಂದಲೇ. 1965ರ ಕೇಂದ್ರ ನಿಯಮಗಳು ಟೈರುಗಾಡಿಗೆ ಸಾಧಾರಣ ಗಾಡಿಗಿಂತ ಹೆಚ್ಚು ಭಾರವನ್ನು ಅನುಮತಿಸಿದವು, ಜೊತೆಗೆ ಮಿತಿಯನ್ನೂ ನಿಗದಿಪಡಿಸಿದವು. ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲನ್ನು ಕಂಡವರಿಗೆ ಗೊತ್ತು, ಅನುಮತಿ ನೆನಪಿನಲ್ಲಿ ಉಳಿಯಿತು, ಮಿತಿ ಮರೆತುಹೋಯಿತು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಉಗಿಯಂತ್ರಗಳು ಮಿತವ್ಯಯಿಗಳಾದಷ್ಟೂ ಕಲ್ಲಿದ್ದಲಿನ ಬಳಕೆ ಹೆಚ್ಚುತ್ತದೆಂದು ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ತೋರಿಸಿದ್ದರು. ಚಕ್ರದ ವಿಷಯದಲ್ಲೂ ಹಾಗೆಯೇ. ಎಳೆಯುವುದು ಹಗುರವಾದಷ್ಟೂ ಹೇರುವುದು ಹೆಚ್ಚಾಯಿತು. ಡನ್ಲಪ್ ಉಳಿಸಿಕೊಟ್ಟ ಶ್ರಮವನ್ನು ನಾವು ವಿಶ್ರಾಂತಿಗಾಗಲಿ ಸುರಕ್ಷತೆಗಾಗಲಿ ಬಳಸದೆ ಇನ್ನೊಂದು ಮೂಟೆಗೆ ಬಳಸಿಕೊಂಡೆವು.

ಲಾರಿಗಳ ವಿಷಯದಲ್ಲಿ ಈ ಮೂಟೆಯ ಲೆಕ್ಕ ದೊಡ್ಡದು. ಹೆಚ್ಚುವರಿ ಭಾರದ ಬಾಡಿಗೆ ಸಲ್ಲುವುದು ಸರಕು ಸಾಗಿಸುವವರಿಗೆ. ಕುಸಿದ ರಸ್ತೆಯ ವೆಚ್ಚ ಸರ್ಕಾರದ ಬೊಕ್ಕಸಕ್ಕೆ. ಟೈರು ಸಿಡಿದಾಗಿನ ಅಪಾಯ ಚಾಲಕನಿಗೆ ಮತ್ತು ಎದುರಿಗೆ ಬರುವವರಿಗೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ಸ್ ರಾಜ್ಯದಲ್ಲಿ ನಡೆದ ರಸ್ತೆ ಪರೀಕ್ಷೆಯ ಪ್ರಕಾರ, ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. ನಮ್ಮಲ್ಲಿ 2018ರಲ್ಲಿ ಕೇಂದ್ರ ಸರ್ಕಾರವು ಲಾರಿಗಳ ಅಚ್ಚುಭಾರದ ಮಿತಿಯನ್ನೇ ಏರಿಸಿತು. 2019ರ ತಿದ್ದುಪಡಿಯು ಅತಿಭಾರಕ್ಕೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ವಿಧಿಸಿತು. ಹೆಚ್ಚುವರಿ ಸರಕನ್ನು ಇಳಿಸದೆ ವಾಹನ ಮುಂದೆ ಸಾಗಬಾರದೆಂದೂ ಹೇಳಿತು. ದಂಡ ಕಟ್ಟಿಸಿಕೊಂಡು ಭಾರ ಇಳಿಸದೆ ಕಳುಹಿಸಿದರೆ ಕಾನೂನಿನ ಅರ್ಧ ಭಾಗವಷ್ಟೇ ಜಾರಿಯಾದಂತೆ. ದಂಡದಿಂದ ಬೊಕ್ಕಸ ತುಂಬೀತು, ಟೈರಿನ ಮೇಲಿನ ಭಾರವೇನೂ ಇಳಿಯದು.

ಸಂಸಾರದ ಕಾರು ಈ ಮಾತಿಗೆ ಹೊರತಲ್ಲ. ಧರ್ಮಸ್ಥಳಕ್ಕೋ ತಿರುಪತಿಗೋ ಹೊರಟಾಗ ಐದು ಜನರ ಕಾರಿನಲ್ಲಿ ಏಳು ಮಂದಿ, ಡಿಕ್ಕಿಯ ತುಂಬ ಸಾಮಾನು, ಸಾಲದ್ದಕ್ಕೆ ಮೇಲ್ಛಾವಣಿಯ ಮೇಲೂ ಪೆಟ್ಟಿಗೆ. ಘಟ್ಟದ ತಿರುವಿನಲ್ಲಿ ಮೇಲಿನ ಭಾರ ವಾಹನವನ್ನು ಹೊರಕ್ಕೆ ವಾಲಿಸುತ್ತದೆ. ಹಿಂದಿನ ಭಾರ ಮುಂದಿನ ಚಕ್ರಗಳ ಹಿಡಿತವನ್ನು ಸಡಿಲಿಸುತ್ತದೆ. ತೂಕದ ಸಾಮಾನು ಕೆಳಗೆ, ಸೀಟಿಗೆ ಒತ್ತಿಕೊಂಡಂತೆ ಇರಬೇಕು; ಹಗುರವಾದದ್ದು ಮೇಲೆ; ಎಲ್ಲವನ್ನೂ ಕಟ್ಟಿರಬೇಕು. ಟೈರಿನ ಒತ್ತಡ ಎಷ್ಟಿರಬೇಕೆಂಬುದನ್ನು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಥವಾ ಇಂಧನದ ಮುಚ್ಚಳದ ಒಳಬದಿಯಲ್ಲಿ ಅಂಟಿಸಿರುತ್ತಾರೆ. ಅಲ್ಲಿ ಅನೇಕ ಕಾರುಗಳಲ್ಲಿ ಎರಡು ಅಂಕಿಗಳಿರುತ್ತವೆ, ಕಡಿಮೆ ಜನಕ್ಕೆ ಒಂದು, ಪೂರ್ತಿ ಭಾರಕ್ಕೆ ಇನ್ನೊಂದು. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವುದು ಗರಿಷ್ಠ ಒತ್ತಡ. ಅದನ್ನು ನಿತ್ಯದ ಅಳತೆಯೆಂದು ಭಾವಿಸಬಾರದು. ತಿಂಗಳಿಗೊಮ್ಮೆ, ದೂರ ಪ್ರಯಾಣಕ್ಕೆ ಮುನ್ನ, ಟೈರು ತಣ್ಣಗಿರುವಾಗ ಅಳೆಯಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುತ್ತದೆ. ಹೆಚ್ಚಾಯಿತೆಂದು ಆಗ ಗಾಳಿ ಬಿಡುವುದು ತಪ್ಪು. ಸ್ಟೆಪ್ನಿಯನ್ನೂ ಮರೆಯಬಾರದು.

ಇದು ಅತಿ ಎಚ್ಚರಿಕೆಯ ಮಾತೆಂದು ತೋರಿದರೆ ಅಮೆರಿಕದ ಅನುಭವವನ್ನು ನೋಡಬಹುದು. 2000ದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಹೆಚ್ಚಾಗಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಲ್ಲಿ ಆ ಟೈರುಗಳ ಮೇಲ್ಪದರ ಕಳಚಿ, ವಾಹನ ಉರುಳಿ, ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಟೈರಿನ ದೋಷ, ವಾಹನದ ವಿನ್ಯಾಸ, ಶಾಖ, ಭಾರ ಎಲ್ಲವೂ ಚರ್ಚೆಗೆ ಬಂದವು. ಒತ್ತಡ 26 ಪಿಎಸ್‌ಐ ಸಾಕೇ, 30 ಬೇಕೇ ಎಂಬುದರ ಬಗೆಗೂ ಎರಡು ಕಂಪನಿಗಳ ನಡುವೆ ವಾದ ನಡೆಯಿತು. ಅದೇ ವರ್ಷ ಅಲ್ಲಿ ಕಾನೂನು ಬಂದು, 2007ರ ಹೊತ್ತಿಗೆ ಎಲ್ಲ ಹೊಸ ಕಾರುಗಳಲ್ಲಿ ಒತ್ತಡ ಕುಸಿದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯವಾಯಿತು. ಆದರೂ ಆ ನಿಯಮದಂತೆ ದೀಪ ಹೊತ್ತಲೇಬೇಕಾದದ್ದು ಒತ್ತಡ ಕಾಲು ಭಾಗದಷ್ಟು ಕುಸಿದಾಗ. ಅದಕ್ಕೆ ಮೊದಲಿನ ಎಚ್ಚರ ಮಾಲೀಕನದೇ.

ತಮ್ಮ ಹೆಸರಿನ ಟೈರು ಮುಂದೊಂದು ದಿನ ಹತ್ತಾರು ಟನ್ನಿನ ಲಾರಿಗಳನ್ನು ಹೊರುವುದೆಂದು ಡನ್ಲಪ್ ಅಂಗಳದ ಪ್ರಯೋಗದ ದಿನ ಊಹಿಸಿರಲಾರರು. ಅವರು ಬಗೆಹರಿಸಿದ್ದು ಒಬ್ಬ ಹುಡುಗನ ಕಷ್ಟವನ್ನು. ಅದರ ಫಲ ಉಂಡದ್ದು ಲೋಕ. ಅವರ ಕೈಯಲ್ಲಿ ಗಾಳಿ ಕೆಲಸಗಾರನಾಯಿತು. ಈ ಕೆಲಸಗಾರ ಎತ್ತಿನಂತೆ ಮುಗ್ಗರಿಸಿ ಸೂಚನೆ ಕೊಡುವುದಿಲ್ಲ, ಕುದುರೆಯಂತೆ ನಿಂತು ಪ್ರತಿಭಟಿಸುವುದಿಲ್ಲ. ತಡೆಯಲಾರದಷ್ಟು ಹೇರಿದಾಗ ಒಮ್ಮೆಲೇ ಸಿಡಿದುಹೋಗುತ್ತದೆ. ಆದ್ದರಿಂದ ಅದರ ಅಳತೆಯನ್ನು ನಾವೇ ಕೇಳಿ ತಿಳಿಯಬೇಕು. ಹಾಗೆ ಕೇಳಲು ಬೇಕಾದದ್ದು ಒಂದು ಮಾಪಕ, ತಿಂಗಳಿಗೆ ಐದು ನಿಮಿಷ, ಮತ್ತು ಒಂದು ಮೂಟೆಯನ್ನು ಕೆಳಗೆ ಬಿಟ್ಟು ಹೊರಡುವ ಮನಸ್ಸು.