ಕಾಲು ಗ್ಯಾಲನ್ ಪೆಟ್ರೋಲು, ನಲವತ್ತು ಮೈಲಿ: ಸರ್ ಹ್ಯಾರಿ ರಿಕಾರ್ಡೊ

ಹೌರಾ ರೈಲು ನಿಲ್ದಾಣದ ಕೆಂಪು ಇಟ್ಟಿಗೆಯ ಭವ್ಯ ಕಟ್ಟಡವನ್ನು ನಮ್ಮಲ್ಲಿ ಅನೇಕರು ಕಂಡಿರುತ್ತಾರೆ. ಅದರ ವಾಸ್ತುಶಿಲ್ಪಿ ಹಾಲ್ಸಿ ರಿಕಾರ್ಡೊ. ಅವರ ಪುತ್ರ ಹ್ಯಾರಿ ಜನಿಸಿದ್ದು 1885ರ ಜನವರಿ 26ರಂದು, ಲಂಡನ್ನಿನಲ್ಲಿ. ತಾಯಿಯ ತಂದೆ ಸರ್ ಅಲೆಕ್ಸಾಂಡರ್ ರೆಂಡಲ್ ಭಾರತದ ರೈಲ್ವೆಗಳಿಗೆ ಸಲಹಾಗಾರರಾಗಿದ್ದ ಸಿವಿಲ್ ಎಂಜಿನಿಯರ್. ಹ್ಯಾರಿಯವರೂ ತಾತನ ಹಾದಿಯನ್ನೇ ಹಿಡಿಯಲೆಂದು ಕೇಂಬ್ರಿಜ್ ಸೇರಿದರು.

ಹಾದಿಯನ್ನು ಬದಲಿಸಿದ್ದು ಒಂದು ಪಂದ್ಯ. 1904ರಲ್ಲಿ ವಿಶ್ವವಿದ್ಯಾಲಯದ ಮೋಟಾರು ಸಂಘವು, ಕಾಲು ಗ್ಯಾಲನ್ ಪೆಟ್ರೋಲಿನಲ್ಲಿ, ಅಂದರೆ ಲೀಟರಿಗಿಂತ ತುಸುವೇ ಹೆಚ್ಚು ಇಂಧನದಲ್ಲಿ, ಯಾರ ವಾಹನ ಅತಿ ದೂರ ಸಾಗುವುದೆಂಬ ಸ್ಪರ್ಧೆಯನ್ನು ಏರ್ಪಡಿಸಿತ್ತು. ರಿಕಾರ್ಡೊ ತಾವೇ ರಚಿಸಿದ ಮೋಟಾರು ಸೈಕಲ್ಲನ್ನು ತಂದರು. ಅದರ ಒಂಟಿ ಸಿಲಿಂಡರಿನ ಎಂಜಿನ್ನು ಅಲ್ಲಿದ್ದವುಗಳಲ್ಲೆಲ್ಲ ಅತಿ ಭಾರವಾದುದು. ಆದರೂ 40 ಮೈಲಿ ಓಡಿ ಗೆದ್ದಿತು!

ಇದರಿಂದ ಪ್ರಾಧ್ಯಾಪಕ ಬರ್ಟ್ರಂ ಹಾಪ್ಕಿನ್ಸನ್ ಅವರ ಗಮನ ಈ ತರುಣನತ್ತ ಹರಿಯಿತು. ಅವರ ಪ್ರಯೋಗಶಾಲೆಯಲ್ಲಿ ರಿಕಾರ್ಡೊ ಎಂಜಿನ್ನುಗಳ ಸಂಶೋಧನೆಗೆ ತೊಡಗಿದರು. ಸಿಲಿಂಡರಿನೊಳಗೆ ಹುಟ್ಟುವ ಶಕ್ತಿಯಷ್ಟೂ ಚಕ್ರಕ್ಕೆ ತಲುಪುವುದಿಲ್ಲ. ಪಿಸ್ಟನ್ನಿನ ಉಜ್ಜಾಟದಲ್ಲಿ, ಬೇರಿಂಗುಗಳಲ್ಲಿ, ಗಾಳಿಯನ್ನು ಒಳಗೆಳೆದು ಹೊರದೂಡುವ ಶ್ರಮದಲ್ಲಿ ಒಂದು ಪಾಲು ಸೋರಿಹೋಗುತ್ತದೆ. ಬ್ಯಾಂಕಿನ ಖಾತೆಪುಸ್ತಕದಲ್ಲಿ ಜೀವನ ಸವೆಸಿದ ನಮಗೆ ಈ ಜಮಾ-ಖರ್ಚು ಸುಲಭವಾಗಿಯೇ ಅರ್ಥವಾಗುತ್ತದೆ. ಆದರೆ ಸೋರಿಕೆಯನ್ನು ಅಳೆಯುವುದು ಹೇಗೆ? ಎಂಜಿನ್ನನ್ನು ಚೆನ್ನಾಗಿ ಕಾಯಿಸಿ, ಇಂಧನವನ್ನು ನಿಲ್ಲಿಸಿ, ವಿದ್ಯುತ್ ಮೋಟಾರಿನಿಂದ ಅದನ್ನು ತಿರುಗಿಸುವುದು ಒಂದು ಕ್ರಮ. ತಿರುಗಿಸಲು ಎಷ್ಟು ಶಕ್ತಿ ಬೇಕೋ, ಹೆಚ್ಚು ಕಡಿಮೆ ಅಷ್ಟೇ ನಷ್ಟ. ಕಾಯಿಸದೆ ಅಳೆದರೆ ಲೆಕ್ಕ ತಪ್ಪುತ್ತದೆ. ತಣ್ಣನೆಯ ಎಣ್ಣೆ ಗಟ್ಟಿಯಾಗಿ ಹೆಚ್ಚು ತಡೆಯೊಡ್ಡುತ್ತದೆ.

ಈ ಅಳತೆಯ ಅಭ್ಯಾಸಕ್ಕೆ ಬೆಲೆ ಬಂದದ್ದು ಮೊದಲನೆಯ ಮಹಾಯುದ್ಧದಲ್ಲಿ. ಆರಂಭದ ಟ್ಯಾಂಕುಗಳಲ್ಲಿ ಎಣ್ಣೆ ಪಿಸ್ಟನ್ನನ್ನು ದಾಟಿ ಉರಿದು ದಟ್ಟ ಹೊಗೆ ಏಳುತ್ತಿತ್ತು; ಆ ಹೊಗೆಯೇ ಶತ್ರುವಿನ ಫಿರಂಗಿಗೆ ಗುರಿ ತೋರಿಸುತ್ತಿತ್ತು. ಒಳಗಿದ್ದ ಸೈನಿಕರ ಪ್ರಾಣ ಎಂಜಿನ್ನಿನ ಶುದ್ಧಿಯನ್ನು ಅವಲಂಬಿಸಿತ್ತು. ಹೊಗೆಯುಗುಳದ, ಕೀಳುದರ್ಜೆಯ ಪೆಟ್ರೋಲಿನಲ್ಲೂ ನಡೆಯುವ, 150 ಅಶ್ವಶಕ್ತಿಯ ಎಂಜಿನ್ನನ್ನು ರಿಕಾರ್ಡೊ 1917ರಲ್ಲಿ ರೂಪಿಸಿಕೊಟ್ಟರು. ಗುರು ಹಾಪ್ಕಿನ್ಸನ್ ಮಾತ್ರ ಯುದ್ಧ ಮುಗಿಯುವುದನ್ನು ಕಾಣಲಿಲ್ಲ. 1918ರ ಆಗಸ್ಟಿನಲ್ಲಿ, ತಾವೇ ನಡೆಸುತ್ತಿದ್ದ ವಿಮಾನದ ಅಪಘಾತದಲ್ಲಿ ಅವರು ತೀರಿಕೊಂಡರು.

ಯುದ್ಧಾನಂತರ ರಿಕಾರ್ಡೊ ಶೋರ್‌ಹ್ಯಾಮ್‌ನಲ್ಲಿ ಪ್ರಯೋಗಶಾಲೆ ಕಟ್ಟಿದರು. ಷೆಲ್ ಸಂಸ್ಥೆಗಾಗಿ, ಸಂಪೀಡನವನ್ನು ಬೇಕಾದಂತೆ ಬದಲಿಸಬಲ್ಲ ಎಂಜಿನ್ನಿನಲ್ಲಿ ಬಗೆಬಗೆಯ ಇಂಧನಗಳನ್ನು ಪರೀಕ್ಷಿಸಿ, ಯಾವುದು ಎಷ್ಟು ಬೇಗ ಬಡಿತ ಹುಟ್ಟಿಸುತ್ತದೆಂದು ಕ್ರಮವಾಗಿ ಅಳೆದರು. ಪೆಟ್ರೋಲ್ ಬಂಕಿನಲ್ಲಿ ನಾವು ಕಾಣುವ ಆಕ್ಟೇನ್ ಸಂಖ್ಯೆಯ ಹಿಂದೆ ಈ ದುಡಿಮೆಯೂ ಇದೆ. 1929ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1948ರಲ್ಲಿ ಸರ್ ಪದವಿ ಅವರಿಗೆ ಒಲಿದವು. 1968ರಲ್ಲಿ ತಮ್ಮ ನೆನಪುಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿ, 1974ರ ಮೇ 18ರಂದು, 89ನೆಯ ವಯಸ್ಸಿನಲ್ಲಿ ನಿಧನರಾದರು.